ಅರವತ್ತೆರಡು ಗುಲಾಬಿ ಗಿಡಗಳು

೧೯೭೭ರ ಡಿಸೆಂಬರ್ ಎಂಟು, ಗುರುವಾರ. ಅಂದು ದೇವದುರ್ಗದ ಹೆರಿಗೆ ಮನೆಯ ಆಯಾ ಗೋಪಮ್ಮ ಅಲ್ಲಿದ್ದ ಅರವತ್ತೆರಡು ಗುಲಾಬಿ ಗಿಡಗಳನ್ನೂ ಮೊಣಕಾಲೆತ್ತರಕ್ಕೆ ಕತ್ತರಿಸಿ ಹಾಕಿದಳು. ಮಧ್ಯಾಹ್ನದ ಹೊತ್ತಿಗೆ ಸುದ್ದಿ ಬಜಾರು ಮುಟ್ಟಿತ್ತು. ಸಂಜೆ ಕಾಂಪೌಂಡ್ ಗೋಡೆಯ ಮೇಲಿಂದ ಇಣುಕಿದವರೆಲ್ಲ ಒಂದೇ ಮಾತು ಹೇಳಿದರು, ಈ ಹೆಂಗಸಿಗೆ ತಲೆ ಕೆಟ್ಟಿದೆ ಎಂದು.

ಆ ಹೆರಿಗೆ ಮನೆ ದೊಡ್ಡದಲ್ಲ. ಊರವರೇ ವಂತಿಗೆ ಹಾಕಿ ಕಟ್ಟಿಸಿದ ಎಂಟು ಹಾಸಿಗೆಯ ಕಟ್ಟಡ. ಹೈದರಾಬಾದಿನಲ್ಲಿ ಓದಿದ ರಾಯಚೂರಿನ ಉಮ್ಮೇ ಕುಲ್ಸುಮ್ ಅಲ್ಲಿಯ ಒಬ್ಬರೇ ಡಾಕ್ಟರು. ಕಟ್ಟಡದ ಪೂರ್ವಕ್ಕೆ ಗೋಡೆ ಹಾಕಿದ ಒಂದು ತುಂಡು ಜಾಗವಿತ್ತು. ಅದು ಸರ್ಕಾರದ್ದು. ತೋಟ ಬೆಳೆಸುವುದಕ್ಕೆಂದು ಹೆರಿಗೆ ಮನೆಗೆ ಬಿಟ್ಟುಕೊಟ್ಟಿದ್ದರು, ತೋಟ ಇಲ್ಲವಾದ ದಿನ ಜಾಗ ವಾಪಸು ಎಂದು ಕಾಗದದಲ್ಲಿ ಬರೆದಿದ್ದರು. ಚಳಿಗಾಲ ಬಂತೆಂದರೆ ಬಾಣಂತಿಯರು ಬೆಳಗಿನ ಬಿಸಿಲಿಗೆ ಅಲ್ಲಿಯೇ ಬಂದು ಕೂಡುತ್ತಿದ್ದರು. ಒಳಗಿನ ಕಲ್ಲಿನ ಗೋಡೆಗಳು ಹತ್ತು ಗಂಟೆಯಾದರೂ ತಣ್ಣಗೇ ಇರುತ್ತಿದ್ದವು. ಹೊರಗೆ ಗುಲಾಬಿ ಸಾಲುಗಳ ನಡುವೆ ಚಾಪೆ ಹಾಸಿ, ಕೂಸುಗಳಿಗೆ ಎಣ್ಣೆ ಹಚ್ಚಿ ಬಿಸಿಲಿಗೆ ಮಲಗಿಸಿದರೆ ಡಾಕ್ಟರಿಗೆ ಅರ್ಧ ಚಿಂತೆ ಕಳೆಯುತ್ತಿತ್ತು.

ಗೋಪಮ್ಮನ ಕೆಲಸ ಹೆರಿಗೆ ಕೋಣೆ ತೊಳೆಯುವುದು, ಬಟ್ಟೆ ಒಗೆಯುವುದು, ನೋವು ತಿನ್ನುವ ಹೆಂಗಸರ ಸೊಂಟ ತಿಕ್ಕುವುದು. ತೋಟ ಅವಳ ಕೆಲಸವಲ್ಲ. ಆದರೆ ಅವಳ ಅಪ್ಪ ಸುಂಕಪ್ಪ ರಾಯಚೂರಿನಲ್ಲಿ ಒಬ್ಬ ಜಡ್ಜಿ ಸಾಹೇಬರ ಬಂಗಲೆಯಲ್ಲಿ ಇಪ್ಪತ್ತು ವರ್ಷ ಮಾಲಿಯಾಗಿದ್ದವನು. ಗಂಡುಮಕ್ಕಳಿಲ್ಲದ ಸುಂಕಪ್ಪ ಮಗಳ ಕೈಯಲ್ಲೇ ಕತ್ತರಿ ಕೊಟ್ಟು ಕಲಿಸಿದ್ದ. ಎಲ್ಲಿ ಕತ್ತರಿಸಬೇಕು, ಎಷ್ಟು ಓರೆಯಾಗಿ ಕತ್ತರಿಸಬೇಕು, ಚಿಗುರು ಒಡೆಯುವ ಕಣ್ಣು ಗಿಡದ ಒಳಗೆ ನೋಡುತ್ತದೋ ಹೊರಗೆ ನೋಡುತ್ತದೋ ಎಂಬುದನ್ನು ಹೇಗೆ ಗುರುತಿಸಬೇಕು, ಎಲ್ಲವನ್ನೂ. ಮದುವೆಯಾಗಿ ದೇವದುರ್ಗಕ್ಕೆ ಬಂದ ಮೇಲೆ ಹತ್ತು ವರ್ಷ ಆ ವಿದ್ಯೆ ಅವಳ ಕೈಯಲ್ಲಿ ಸುಮ್ಮನೆ ಕುಳಿತಿತ್ತು. ಹೆರಿಗೆ ಮನೆಗೆ ಸೇರಿದ ಮೇಲೆ, ಬಟ್ಟೆ ಒಣಹಾಕಿ ಉಳಿದ ಹೊತ್ತಿನಲ್ಲಿ ಅವಳು ಗುಲಾಬಿ ಹಚ್ಚತೊಡಗಿದಳು. ಐದು ವರ್ಷದಲ್ಲಿ ಅರವತ್ತೆರಡು ಗಿಡಗಳಾಗಿದ್ದವು.

ಆ ವರ್ಷ ನವೆಂಬರಿನಲ್ಲಿ ಆಂಧ್ರದ ಸಮುದ್ರದ ಕಡೆ ಚಂಡಮಾರುತ ಎದ್ದಾಗ ಮೋಡ ಇಲ್ಲಿಯವರೆಗೂ ಬಂದು, ಕಾಲವಲ್ಲದ ಕಾಲದಲ್ಲಿ ಮಳೆ ಹೊಡೆಯಿತು. ಕರಿನೆಲದಲ್ಲಿ ನೀರು ಇಂಗಲಿಲ್ಲ. ವಾರಗಟ್ಟಲೆ ಗಿಡಗಳ ಬುಡದಲ್ಲಿ ಕೆಸರು ನಿಂತಿತು. ಮಳೆ ಹೋದ ಮೇಲೆ ಎಲೆಗಳಲ್ಲಿ ಕಪ್ಪು ಚುಕ್ಕೆ ಬಿದ್ದವು, ಆಮೇಲೆ ಹಳದಿಯಾಗಿ ಉದುರಿದವು, ಟೊಂಗೆಗಳು ತುದಿಯಿಂದ ಕೆಳಕ್ಕೆ ಕಪ್ಪಾಗುತ್ತ ಇಳಿದವು. ದಿನಕ್ಕೆ ಒಂದು ಬೆರಳಿನಷ್ಟು ಇಳಿಯುತ್ತಿದ್ದುದನ್ನು ಗೋಪಮ್ಮ ಮೂರು ದಿನ ನೋಡಿ, ನಾಲ್ಕನೆಯ ದಿನ ಡಾಕ್ಟರ ಮುಂದೆ ಹೋಗಿ ನಿಂತಳು.

ಎಲ್ಲ ಗಿಡ ಕಡಿಯಬೇಕು ಎಂದಾಗ ಉಮ್ಮೇ ಕುಲ್ಸುಮ್ ಪೆನ್ನು ಕೆಳಗಿಟ್ಟರು.

"ಎಲ್ಲಾ ಕಡದ್ರ ಉಳಿಯೋದೇನು ಗೋಪಮ್ಮ?"

"ಬೇರು ಉಳೀತದ್ರಿ ಅಮ್ಮಾರ. ರೋಗ ಟೊಂಗಿಯಾಗ ಅದ, ಬೇರಿಗೆ ಇನ್ನಾ ಇಳದಿಲ್ಲ. ಇವತ್ತು ಕಡದ್ರ ಐವತ್ತು ದಿನಕ್ಕ ಹೂ ಬರ್ತಾವ. ಬಿಟ್ರ ಸಂಕ್ರಾಂತಿಗೆ ಒಂದೂ ಇರಾಂಗಿಲ್ಲ."

ಡಾಕ್ಟರು ಹೆಚ್ಚು ಕೇಳಲಿಲ್ಲ. ಇದಕ್ಕಿಂತ ಕಠಿಣವಾದುದನ್ನು ಇದಕ್ಕಿಂತ ಕಡಿಮೆ ಹೊತ್ತಿನಲ್ಲಿ ನಿರ್ಧರಿಸಿ ಅಭ್ಯಾಸವಿದ್ದವರು ಅವರು. ಎದ್ದು ಕಪಾಟಿನಿಂದ ಸ್ಪಿರಿಟ್ ಬಾಟಲಿ ತೆಗೆದು ಕೊಟ್ಟರು. ಗೋಪಮ್ಮ ಒಂದೊಂದು ಗಿಡ ಕಡಿದ ಮೇಲೂ ಕತ್ತರಿಯನ್ನು ಸ್ಪಿರಿಟಿನಲ್ಲಿ ಒರೆಸಿ ಮುಂದಿನ ಗಿಡಕ್ಕೆ ಹೋದಳು. ಕಡಿದ ಬಾಯಿಗಳಿಗೆಲ್ಲ ಹಸಿ ಸಗಣಿ ಮೆತ್ತಿದಳು. ರೋಗದ ಟೊಂಗೆಗಳನ್ನು ಊರ ಹೊರಗೆ ಹೊತ್ತೊಯ್ದು ಸುಟ್ಟಳು. ಸಂಜೆ ತಿರುಗಿ ಬಂದಾಗ ತೋಟದಲ್ಲಿ ಸಾಲು ಸಾಲಾಗಿ ಮೋಟು ಕಡ್ಡಿಗಳು ಮಾತ್ರ ನಿಂತಿದ್ದವು.

ಆರು ದಿನ ಕಳೆದ ಮೇಲೆ ಗಿರ್ದಾವರ ಜಿಲಾನಿ ಪಾಷಾ ಬಂದರು. ಜಮೀನಿನ ಕಾಗದಗಳನ್ನು ನೋಡಿಕೊಳ್ಳುವ ಸರ್ಕಾರಿ ನೌಕರರು ಅವರು, ಬಗಲಲ್ಲಿ ಯಾವಾಗಲೂ ದಫ್ತರ. ಹತ್ತಿ ವ್ಯಾಪಾರಿ ಹನುಮಂತ್ರಾಯರು ಅರ್ಜಿ ಹಾಕಿದ್ದರು. ಹತ್ತಿಯ ಸುಗ್ಗಿ ನಡೆದಿತ್ತು, ಬಂಡಿಗಳು ರಸ್ತೆಯಲ್ಲೇ ಮೂರು ಮೂರು ದಿನ ನಿಲ್ಲುತ್ತಿದ್ದವು, ಹತ್ತಿ ಒಟ್ಟುವುದಕ್ಕೆ ಊರೊಳಗೆ ಜಾಗವಿರಲಿಲ್ಲ. ಹೆರಿಗೆ ಮನೆಯ ಪಕ್ಕದ ಜಾಗದಲ್ಲಿ ಈಗ ತೋಟವಿಲ್ಲ, ಆದ್ದರಿಂದ ಅದನ್ನು ಹತ್ತಿಗೆ ಕೊಡಬೇಕು ಎಂಬುದು ಅವರ ಬೇಡಿಕೆ. ಹನುಮಂತ್ರಾಯರು ಕೆಟ್ಟವರಲ್ಲ, ಕಟ್ಟಡಕ್ಕೆ ಕಲ್ಲು ಕೊಡಿಸಿದವರಲ್ಲಿ ಅವರೂ ಒಬ್ಬರು. ಅವರ ಲೆಕ್ಕದಲ್ಲಿ ತೋಟ ಸತ್ತಿತ್ತು, ಜಾಗ ಖಾಲಿ ಬಿದ್ದಿತ್ತು, ಅಷ್ಟೆ.

ಗಿರ್ದಾವರು ಸಾಲುಗಳ ನಡುವೆ ನಡೆದು ನೋಡಿದರು. ಗೋಪಮ್ಮ ಅವರ ಬೆನ್ನ ಹಿಂದೆಯೇ ನಡೆದಳು. ಗೇಟಿನ ಹತ್ತಿರದ ಮೊದಲ ಗಿಡದ ಮುಂದೆ ಕುಕ್ಕರಗಾಲಲ್ಲಿ ಕುಳಿತು ಕಾಂಡದ ಸಿಪ್ಪೆಯನ್ನು ಉಗುರಿನಿಂದ ಉದ್ದಕ್ಕೆ ಗೀರಿ ತೋರಿಸಿದಳು. ಒಳಗೆ ಹಸಿರಿತ್ತು. ಜಿಲಾನಿ ಪಾಷಾ ಬಗ್ಗಿ ನೋಡಿ ತಲೆಯಾಡಿಸಿದರು. ಆದರೆ ಉಗುರಿನ ಕೆಳಗಿನ ಹಸಿರನ್ನು ಪಂಚನಾಮೆಯಲ್ಲಿ ತೋಟ ಎಂದು ಬರೆಯಲು ಬರುವುದಿಲ್ಲ, ಕಣ್ಣಿಗೆ ಕಂಡದ್ದನ್ನೇ ಬರೆಯಬೇಕು ಎಂದರು. ಬರೆದರು. ಒಣ ಕಟ್ಟಿಗೆ ಅರವತ್ತೆರಡು, ಎಲೆ ಇಲ್ಲ, ಹೂವಿಲ್ಲ. ಬಜಾರಿನಿಂದ ಕರೆತಂದ ಇಬ್ಬರು ಪಂಚರು ಸಹಿ ಮಾಡಿದರು.

ನಾಲ್ಕು ದಿನದಲ್ಲಿ ರಾಯಚೂರಿನಿಂದ ನೋಟೀಸು ಬಂತು. ಜನವರಿ ಇಪ್ಪತ್ತೇಳರಂದು ಅಸಿಸ್ಟೆಂಟ್ ಕಮಿಷನರ್ ಸಾಹೇಬರು ಖುದ್ದು ಬಂದು ನೋಡಿ ತೀರ್ಮಾನ ಕೊಡುತ್ತಾರೆ.

ಉಮ್ಮೇ ಕುಲ್ಸುಮ್ ಗೋಡೆಯ ಕ್ಯಾಲೆಂಡರಿನ ಮುಂದೆ ನಿಂತು ಬೆರಳಿಟ್ಟು ಎಣಿಸಿದರು. ಎಂಟನೇ ತಾರೀಖಿನಿಂದ ಸರಿಯಾಗಿ ಐವತ್ತು ದಿನ. ಅವರ ಮುಖ ಅರಳಿತು. ಗೋಪಮ್ಮನ ಮುಖ ಅರಳಲಿಲ್ಲ. ಕೇಳಿದಾಗ ನಿಜ ಹೇಳಿದಳು. ಐವತ್ತು ದಿನ ಎಂಬುದು ಬಿಸಿಲಿದ್ದ ಕಾಲದ ಲೆಕ್ಕ. ಚಳಿ ಹಿಡಿದರೆ ಗಿಡ ನಿಂತುಬಿಡುತ್ತದೆ, ಅರವತ್ತೂ ಆಗಬಹುದು. ಅಕ್ಟೋಬರಿನಲ್ಲಿ ಕಡಿಯಬೇಕಾದ ಗಿಡವನ್ನು ಡಿಸೆಂಬರಿನಲ್ಲಿ ಕಡಿದ ಮೇಲೆ ನಟ್ಟನಡು ಚಳಿಗಾಲವನ್ನು ದಾಟಿಸುವುದೊಂದೇ ದಾರಿ.

"ದಾಟಸ್ತೀನ್ರಿ," ಎಂದಳು. "ಆದ್ರ ನನಗ ಕೈ ಬೇಕು. ನಂದೆರಡು ಸಾಲಾಂಗಿಲ್ಲ."

ಡಾಕ್ಟರು ಕೈಗಳನ್ನು ಒದಗಿಸಿದರು. ಹೆರಿಗೆಗೆ ಬಂದವರ ಜೊತೆ ತಾಯಿ, ಅತ್ತೆ, ಚಿಕ್ಕಮ್ಮ ಎಂದು ಮೂರು ನಾಲ್ಕು ಹೆಂಗಸರು ಬಂದು ವರಾಂಡದಲ್ಲಿ ಬೀಡುಬಿಡುವುದು ವಾಡಿಕೆ. ಅವರಿಗೆಲ್ಲ ಒಂದು ಕೆಲಸ ಹಚ್ಚಿದರು. ಬೆಳಿಗ್ಗೆ ಸೂರ್ಯ ಮೂಡಿದ ಕೂಡಲೇ ಒಬ್ಬೊಬ್ಬರು ಎರಡೆರಡು ಕೊಡ ಬಾವಿಯ ನೀರು ಸೇದಿ ಗಿಡಕ್ಕೆ ಹಾಕಬೇಕು. ಚಳಿಗಾಲದ ಬೆಳಿಗ್ಗೆ ಬಾವಿಯ ನೀರು ಬೆಚ್ಚಗಿರುತ್ತದೆ, ಸೇದಿದರೆ ಹಬೆಯಾಡುತ್ತದೆ. ಆ ಬಿಸಿ ಆರುವ ಮುಂಚೆ ಬುಡಕ್ಕೆ ಮುಟ್ಟಿಸಬೇಕೆಂಬುದು ಗೋಪಮ್ಮನ ಹುಕುಂ. ಹೆಂಗಸರು ಮೊದಮೊದಲು ಗೊಣಗಿದರು. ಕಡ್ಡಿಗೆ ನೀರು ಹಾಕುತ್ತೇವಲ್ಲ ಎಂದು ನಕ್ಕರು. ಕ್ರಿಸ್ಮಸ್ ಹೊತ್ತಿಗೆ ಕಡ್ಡಿಗಳ ಮೈಮೇಲೆ ಕೆಂಪು ಚುಕ್ಕೆಗಳು ಎದ್ದವು. ಸಾಸಿವೆ ಕಾಳಿನಷ್ಟು. ಮರುವಾರ ಅವು ಚಿಗುರಾಗಿ ಬಿಚ್ಚಿಕೊಂಡಾಗ ನಗುವುದು ನಿಂತು, ಯಾರ ಗಿಡಕ್ಕೆ ಎಷ್ಟು ಚಿಗುರು ಎಂಬ ಪೈಪೋಟಿ ಶುರುವಾಯಿತು.

ಚಿಗುರಿನ ಜೊತೆಗೇ ಹೇನು ಬಂದವು. ಎಳೆಯ ತುದಿಗಳಿಗೆ ಹಸಿರು ಹೇನು ಮುತ್ತಿ ರಸ ಹೀರತೊಡಗಿದವು. ಗೋಪಮ್ಮ ತಂಬಾಕನ್ನು ನೀರಿನಲ್ಲಿ ಕುದಿಸಿ, ಸೋಸಿ, ಬಟ್ಟೆ ಸೋಪು ಕದಡಿದಳು. ಚಿಮುಕಿಸುವುದಕ್ಕೆ ಪಂಪು ಬೇಕಿತ್ತು, ಊರಲ್ಲಿದ್ದ ಪಂಪುಗಳೆಲ್ಲ ಹತ್ತಿ ಹೊಲಗಳಿಗೆ ಹೋಗಿದ್ದವು. ಎನಿಮಾ ಕೊಡುವ ದೊಡ್ಡ ಪಿಚಕಾರಿಯೊಂದು ಬಾಗಿ ಮೂಲೆಗೆ ಬಿದ್ದಿತ್ತು. ಅದನ್ನು ಕೈಯಲ್ಲಿ ಹಿಡಿದು ಅವಳು ಡಾಕ್ಟರ ಬಾಗಿಲಲ್ಲಿ ನಿಂತಾಗ ಉಮ್ಮೇ ಕುಲ್ಸುಮ್ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಅರವತ್ತೆರಡು ಗುಲಾಬಿ ಗಿಡಗಳಿಗೆ ಎನಿಮಾ ಪಿಚಕಾರಿಯಲ್ಲಿ ಔಷಧ ಬಿತ್ತು. ಎರಡು ಸುತ್ತು ಆಗುವಷ್ಟರಲ್ಲಿ ಹೇನು ಹೋದವು.

ಜನವರಿ ಮೊದಲ ವಾರ ಮೊಗ್ಗು ಕೂತವು. ಜೋಳದ ಕಾಳಿನಷ್ಟು ಮೊಗ್ಗು. ಅದೇ ವಾರ ಚಳಿ ಬಿಗಿಯಿತು. ಬಡಗಣ ಗಾಳಿ ಬೀಸಿ ಜನ ಹಗಲಲ್ಲೂ ಕಂಬಳಿ ಹೊದ್ದರು. ಮೊಗ್ಗುಗಳು ಇದ್ದಲ್ಲೇ ನಿಂತವು. ಗೋಪಮ್ಮ ದಿನಾ ಒಂದೇ ಮೊಗ್ಗಿಗೆ ನೂಲು ಸುತ್ತಿ ಅಳೆದಳು. ಐದು ದಿನ ನೂಲು ಒಂದು ಎಳೆಯಷ್ಟೂ ಹೆಚ್ಚು ಬೇಡಲಿಲ್ಲ.

ಅವಳ ಗಂಡ ತಾಯಣ್ಣ ಹನುಮಂತ್ರಾಯರ ಅಂಗಡಿಯಲ್ಲೇ ಹಮಾಲಿ. ನಿನ್ನ ಹೆಂಡತಿ ಸಾವಕಾರರ ಎದುರು ನಿಂತಿದ್ದಾಳೆ, ಸ್ವಲ್ಪ ಬುದ್ಧಿ ಹೇಳು ಎಂದು ಅಲ್ಲಿನವರು ಅವನಿಗೆ ಹೇಳಿದ್ದರು. ಅವನು ಹೂಂ ಎಂದು ಮೂಟೆ ಹೊರಲು ಹೋಗಿದ್ದ. ಈಗ ಹೆಂಡತಿಯ ಮುಖ ನೋಡಿ, ನೇರವಾಗಿ ಸಾವಕಾರರು ಕೂಡುವ ಗದ್ದಿಗೆಯ ಮುಂದೆ ಹೋಗಿ ನಿಂತು, ಹರಿದ ಗೋಣಿ ಚೀಲಗಳಿದ್ದರೆ ಕೊಡಬೇಕು, ತೋಟಕ್ಕೆ ಹೊದಿಸಬೇಕು ಎಂದು ಕೇಳಿದ. ಹನುಮಂತ್ರಾಯರು ಒಂದು ಗಳಿಗೆ ಅವನನ್ನೇ ನೋಡಿದರು. ಒಣ ಕಟ್ಟಿಗೆಗೆ ಎಂಥ ಚಳಿಯೋ ಎಂದು ನಕ್ಕು, ಮೂಲೆಯಲ್ಲಿದ್ದ ರಾಶಿಯನ್ನು ಒಯ್ಯಲು ಹೇಳಿದರು. ತಾಯಣ್ಣ ಎರಡು ಸಲ ಹೊತ್ತು ತಂದ.

ಅಂದಿನಿಂದ ಹೊತ್ತು ಮುಳುಗುವ ಮುಂಚೆ ಜೋಳದ ದಂಟುಗಳನ್ನು ಗುಡಿಸಲಿನಂತೆ ಆನಿಸಿ, ಮೇಲೆ ಗೋಣಿ ಹೊದಿಸುವುದು. ಬೆಳಿಗ್ಗೆ ಬಿಸಿಲು ಬಿದ್ದ ಕೂಡಲೇ ಅರವತ್ತೆರಡನ್ನೂ ಬಿಚ್ಚುವುದು. ಒಂದು ಗಿಡಕ್ಕೂ ತಪ್ಪುವಂತಿರಲಿಲ್ಲ. ಮಾನ್ವಿಯಿಂದ ಬಂದಿದ್ದ ಜೈನಾಬ್ ಎಂಬ ಹುಡುಗಿಗೆ ಡಿಸೆಂಬರಿನಲ್ಲಿ, ಏಳು ತಿಂಗಳಿಗೇ ಹೆರಿಗೆಯಾಗಿತ್ತು. ಅಂಗೈಯಗಲದ ಕೂಸು. ಡಾಕ್ಟರು ಅದನ್ನು ಹತ್ತಿಯಲ್ಲಿ ಸುತ್ತಿ, ಬಿಸಿನೀರಿನ ಬಾಟಲಿಗಳ ನಡುವೆ ಇಟ್ಟು, ತಾಯಿಯನ್ನು ಮನೆಗೆ ಕಳಿಸದೆ ಉಳಿಸಿಕೊಂಡಿದ್ದರು. ಮೊದಲ ವಾರಗಳಲ್ಲಿ ಜೈನಾಬ್ ಯಾರೊಂದಿಗೂ ಮಾತಾಡದೆ ಗೋಡೆಗೆ ಮುಖ ಮಾಡಿ ಮಲಗಿರುತ್ತಿದ್ದಳು. ಕೂಸು ತಾನಾಗಿ ಮೊಲೆ ಚೀಪಿದ ದಿನ ಎದ್ದು ಹೊರಗೆ ಬಂದಳು. ಬಂದವಳು ಗೋಪಮ್ಮನ ಪಕ್ಕದಲ್ಲಿ ನಿಂತು ಗೋಣಿ ಬಿಚ್ಚತೊಡಗಿದಳು. ಆಮೇಲೆ ಒಂದು ದಿನವೂ ತಪ್ಪಿಸಲಿಲ್ಲ. ಸಂಕ್ರಾಂತಿಯ ಮರುದಿನ ಅವಳೇ ಮೊಗ್ಗಿಗೆ ನೂಲು ಸುತ್ತಿ ನೋಡಿ ಕರೆದಳು.

"ಅಕ್ಕಾ, ದಾರ ಸಾಲವಲ್ದು ನೋಡು."

ಗೋಪಮ್ಮ ಓಡಿಬಂದಳು. ನೂಲಿನ ಎರಡು ತುದಿಗಳು ಕೂಡುತ್ತಿರಲಿಲ್ಲ. ಅವಳು ಅಲ್ಲೇ ಸಾಲಿನ ನಡುವೆ ಕುಳಿತು, ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು.

ಬಳಿಕ ದಿನಗಳು ಬಿಸಿಯೇರಿದವು. ಇಪ್ಪತ್ತಮೂರಕ್ಕೆ ಮೊಗ್ಗುಗಳ ತುದಿಯಲ್ಲಿ ಬಣ್ಣ ಕಂಡಿತು. ಇಪ್ಪತ್ತೈದರ ಬೆಳಿಗ್ಗೆ ಹನ್ನೊಂದು ಹೂ ಅರಳಿದ್ದವು. ಜೈನಾಬ್ ಎಣಿಸಿ ಬಂದು ಹೇಳಿದಾಗ ಗೋಪಮ್ಮ, ನಾಳಿದ್ದು ಎಣಿಸುವ ಕೆಲಸ ಇರುವುದಿಲ್ಲ ಎಂದಳು.

ಇಪ್ಪತ್ತೇಳು, ಶುಕ್ರವಾರ. ಹತ್ತು ಗಂಟೆಗೆ ಜೀಪು ಬಂತು. ಅಸಿಸ್ಟೆಂಟ್ ಕಮಿಷನರ್ ಸಾಹೇಬರು, ಗಿರ್ದಾವರು, ಹಿಂದೆ ತಮ್ಮ ಗಾಡಿಯಲ್ಲಿ ಹನುಮಂತ್ರಾಯರು. ಸಾಹೇಬರು ಪಂಚನಾಮೆಯ ಹಾಳೆಯನ್ನು ಕೈಯಲ್ಲಿ ಹಿಡಿದುಕೊಂಡೇ ಗೇಟು ದಾಟಿದರು, ಎರಡು ಹೆಜ್ಜೆ ಇಟ್ಟು ನಿಂತರು.

ಆರು ಸಾಲುಗಳೂ ಹೂವಿನಲ್ಲಿ ಮುಳುಗಿದ್ದವು. ಕೆಂಪು, ನಸುಗೆಂಪು, ಕೊನೆಯ ಸಾಲಿನಲ್ಲಿ ಕೆನೆಬಣ್ಣ. ಅರಳಿದ್ದು, ಅರೆಬಿರಿದದ್ದು ಸೇರಿ ಒಂದು ಗಿಡಕ್ಕೆ ಹತ್ತಕ್ಕೆ ಕಡಿಮೆಯಿಲ್ಲ. ಹೊಸ ಎಲೆಗಳ ಮೇಲೆ ಒಂದೇ ಒಂದು ಕಪ್ಪು ಚುಕ್ಕೆ ಇರಲಿಲ್ಲ. ಸಾಲುಗಳ ನಡುವೆ ಚಾಪೆ ಹಾಸಿ ಎಂಟು ಬಾಣಂತಿಯರು ಕೂಸುಗಳನ್ನು ಬಿಸಿಲಿಗೆ ಹಾಕಿಕೊಂಡು ಕುಳಿತಿದ್ದರು. ಸಾಹೇಬರನ್ನು ನೋಡಿ ಸೆರಗು ಎಳೆದುಕೊಂಡರೇ ಹೊರತು ಯಾರೂ ಏಳಲಿಲ್ಲ. ಏಳಬಾರದೆಂದು ಡಾಕ್ಟರು ಮೊದಲೇ ಹೇಳಿದ್ದರು.

ಸಾಹೇಬರು ಹಾಳೆಯನ್ನು ಒಮ್ಮೆ, ತೋಟವನ್ನು ಒಮ್ಮೆ ನೋಡಿದರು. ಬೆಂಗಳೂರು ಕಡೆಯವರು, ಮಾತು ಮೆತ್ತಗೆ. ಡಿಸೆಂಬರ್ ಹದಿನಾಲ್ಕಕ್ಕೆ ಒಣ ಕಟ್ಟಿಗೆ ಎಂದು ಬರೆದಿದೆ, ಒಂದೂವರೆ ತಿಂಗಳಲ್ಲಿ ಇದು ಹೇಗೆ ಎಂದು ಕೇಳಿದರು. ಹನುಮಂತ್ರಾಯರು, ರಾಯಚೂರಿನಲ್ಲಿ ಹೂ ಬಿಟ್ಟ ಗಿಡಗಳನ್ನು ಕುಂಡದ ಸಮೇತ ಮಾರುತ್ತಾರೆ, ತಂದು ನೆಟ್ಟರೆ ಒಂದು ದಿನದ ಕೆಲಸ ಎಂದರು. ಅವರು ನಿಜವಾಗಿಯೂ ಹಾಗೇ ನಂಬಿದ್ದರು. ಆ ಕಡ್ಡಿಗಳನ್ನು ಅವರೂ ಕಣ್ಣಾರೆ ಕಂಡಿದ್ದರಲ್ಲ.

ಡಾಕ್ಟರು ಮುಂದೆ ಬಂದು ಏನೋ ಹೇಳಬೇಕೆಂದಿದ್ದರು. ಗೋಪಮ್ಮ ಅವರಿಗಿಂತ ಮೊದಲೇ ಗೇಟಿನ ಹತ್ತಿರದ ಗಿಡದ ಮುಂದೆ ಕುಳಿತು ಬುಡದ ಎಲೆಗಳನ್ನು ಸರಿಸಿದ್ದಳು. ಮಾತಾಡಿದ್ದು ಸಾಹೇಬರ ಜೊತೆಗಲ್ಲ, ಗಿರ್ದಾವರ ಜೊತೆ.

"ಇಲ್ಲಿ ಬರ್ರಿ ಪಾಷಾ ಸಾಹೇಬ್ರ. ಅವತ್ತು ನಾ ಉಗುರಿಲೆ ಗೀರಿ ತೋರ್ಸಿದ್ನಲ್ಲ, ಆ ಗಾಯ ಅದ ಇಲ್ಲ ನೀವೇ ಹೇಳ್ರಿ."

ಜಿಲಾನಿ ಪಾಷಾ ದಫ್ತರವನ್ನು ಕೆಳಗಿಟ್ಟು ಮೊಣಕಾಲೂರಿ ಬಗ್ಗಿದರು. ಹಳೆಯ ದಪ್ಪ ಕಾಂಡದ ಮೇಲೆ ಉದ್ದನೆಯ ಗೀರು ಬೂದುಬಣ್ಣಕ್ಕೆ ಮಾಗಿ ನಿಂತಿತ್ತು. ಅದರ ಮೇಲೆ ಓರೆಯಾಗಿ ಕಡಿದ ಬಾಯಿ, ಅಂಟಿ ಒಣಗಿದ ಸಗಣಿ, ಅಲ್ಲಿಂದಲೇ ಹೊರಟ ಮೂರು ಹೊಸ ಟೊಂಗೆ. ಅವರು ಎರಡನೇ ಗಿಡ, ಮೂರನೇ ಗಿಡ ಎಂದು ಸಾಲಿನ ಕೊನೆಯವರೆಗೂ ಬುಡ ನೋಡುತ್ತ ಹೋದರು. ತಿರುಗಿ ಬಂದು ನೆಟ್ಟಗೆ ನಿಂತು ಹೇಳಿದರು.

"ಸಾಬ್, ಇವು ಅವೇ ಗಿಡ. ನಾ ಕಟ್ಟಿಗಿ ಅಂತ ಬರದಿದ್ದೆ. ನನಗ ತಿಳೀಲಿಲ್ಲ. ಈಕಿಗೆ ತಿಳಿದಿತ್ತು."

ಚಾಪೆಯ ಮೇಲೆ ಜೈನಾಬಳ ಕೂಸು ಅಳತೊಡಗಿತು. ಆ ಕೂಸಿಗೆ ಅಷ್ಟು ಗಟ್ಟಿ ದನಿ ಬಂದದ್ದು ಅಂದೇ ಮೊದಲು. ಡಾಕ್ಟರು ತಿರುಗಿ ನೋಡಿದರು.

ಸಾಹೇಬರು ಯಾರು ಕಡಿದದ್ದು ಎಂದು ಕೇಳಿದರು. ಗೋಪಮ್ಮ ತಾನು ಎಂದಳು. ಎಲ್ಲಿ ಕಲಿತದ್ದು ಎಂದರು. ಹೇಳಿದಳು. ಅಲ್ಲಿಯೇ ಕುರ್ಚಿ ತರಿಸಿ ಹೊಸ ಪಂಚನಾಮೆ ಬರೆಸಿದರು. ತೋಟ ಇದೆ, ಉಪಯೋಗದಲ್ಲಿದೆ, ಹಿಂದಿನ ಪಂಚನಾಮೆ ರದ್ದು. ಪಂಚರ ಸಹಿಗೆ ಗಿರ್ದಾವರು ಬಜಾರಿನ ಕಡೆ ನೋಡಿದಾಗ, ಇಲ್ಲಿ ಕೂತವರಿಗಿಂತ ತೋಟ ನೋಡಿದವರು ಬೇರೆ ಯಾರಿದ್ದಾರೆ ಎಂದು ಸಾಹೇಬರೇ ಕೇಳಿದರು. ಜೈನಾಬ್ ಉರ್ದುವಿನಲ್ಲಿ ಸಹಿ ಮಾಡಿದಳು. ಗೋಪಮ್ಮ ಹೆಬ್ಬೆಟ್ಟು ಒತ್ತಿದಳು. ಒತ್ತುವ ಮುಂಚೆ, ಹೆಸರಿನ ಮುಂದೆ ಏನು ಬರೆದಿರಿ ಎಂದು ವಿಚಾರಿಸಿದಳು. ಆಯಾ ಎಂದು ಬರೆದಿದ್ದರು.

"ಆಯಾನೂ ಹೌದು, ಇರ್ಲಿ. ಅದರ ಬಾಜೂಕ ಮಾಲಿ ಅಂತಾನೂ ಬರೀರಿ."

ಬರೆದರು.

ಜೀಪು ಹೋದ ಮೇಲೂ ಹನುಮಂತ್ರಾಯರು ಹೋಗಲಿಲ್ಲ. ಕೈ ಹಿಂದೆ ಕಟ್ಟಿಕೊಂಡು ಒಂದು ಸಾಲು ನಡೆದು, ಇನ್ನೊಂದು ಸಾಲು ನಡೆದು, ಕೆನೆಬಣ್ಣದ ಗಿಡದ ಮುಂದೆ ನಿಂತರು. ಹತ್ತಿ ಬಂಡಿಗಳಿಗೆ ಕಲ್ಲೂರ ಕಡೆಯ ದಾರಿಯಲ್ಲಿ ಬೇರೆ ಜಾಗ ನೋಡುತ್ತೇನೆ ಎಂದು ಡಾಕ್ಟರಿಗೆ ಹೇಳಿದರು. ಆಮೇಲೆ ಗೋಪಮ್ಮನ ಕಡೆ ತಿರುಗಿ, ತಮ್ಮ ಮನೆಯ ಹಿತ್ತಲಲ್ಲಿ ನಾಲ್ಕು ಗುಲಾಬಿ ಇದ್ದವು, ಅದೇ ಮಳೆಗೆ ಕಪ್ಪು ಚುಕ್ಕೆ ಬಿದ್ದು ಎಲ್ಲವೂ ಸತ್ತವು ಎಂದರು. ಕೇಳಿದ್ದರೆ ಬಂದು ಕಡಿಯುತ್ತಿದ್ದೆ ಎಂದಳು ಗೋಪಮ್ಮ. ಅವರು ತಲೆಯಾಡಿಸಿ ಗಾಡಿ ಹತ್ತಿದರು.

ಅಂದು ಮಧ್ಯಾಹ್ನ ಗೋಪಮ್ಮ ತೋಟದ ನಡುವೆ ಕುಳಿತು ರೊಟ್ಟಿ ಬುತ್ತಿ ಬಿಚ್ಚಿದಳು. ಐವತ್ತು ದಿನಗಳಲ್ಲಿ ಅವಳು ಕುಳಿತು ಉಂಡದ್ದು ಅದೇ ಮೊದಲು. ಬಾಣಂತಿಯರು ತಮ್ಮ ತಮ್ಮ ಬುತ್ತಿಯಿಂದ ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ, ಜೈನಾಬಳ ತಾಯಿ ಮಾಡಿಕೊಟ್ಟ ಸಿಹಿ ಸೇವಿಗೆ ತಂದು ಅವಳ ಮುಂದಿಟ್ಟರು. ಡಾಕ್ಟರೂ ಬಂದು ಚಾಪೆಯ ತುದಿಯಲ್ಲಿ ಕುಳಿತರು. ತಾಯಣ್ಣ ಅಂಗಡಿಯಿಂದ ಬಿಡುವು ಕೇಳಿ ಬಂದು ಗೋಡೆಗೆ ಒರಗಿ ನಿಂತು ನೋಡುತ್ತಿದ್ದ. ಬಾ ಎಂದು ಕರೆದರೂ ಇಷ್ಟು ಹೆಂಗಸರ ನಡುವೆ ಬರಲು ನಾಚಿದ. ಊಟವಾದ ಮೇಲೆ ಗೋಪಮ್ಮ ಕತ್ತರಿ ಹಿಡಿದು ಪ್ರತಿ ಬಾಣಂತಿಗೂ ಎರಡೆರಡು ಹೂ ಕತ್ತರಿಸಿ ಕೊಟ್ಟಳು. ತನ್ನ ತುರುಬಿಗೆ ದೊಡ್ಡದೊಂದು ಕೆಂಪು ಹೂ ಮುಡಿದು, ಮುಡಿದುಕೊಂಡೇ ಹೆರಿಗೆ ಕೋಣೆ ತೊಳೆಯಲು ಹೋದಳು.

ಜೈನಾಬ್ ಫೆಬ್ರವರಿ ಕೊನೆಯಲ್ಲಿ ಐದು ಪೌಂಡಿನ ಕೂಸಿನೊಂದಿಗೆ ಮಾನ್ವಿಗೆ ಹೊರಟಳು. ಬಸ್ಸಿನಲ್ಲಿ ಒಂದು ಕಂಕುಳಲ್ಲಿ ಕೂಸು, ಇನ್ನೊಂದು ಕೈಯಲ್ಲಿ ಒದ್ದೆ ಗೋಣಿಯಲ್ಲಿ ಸುತ್ತಿದ ಆರು ಗುಲಾಬಿ ಕಡ್ಡಿ. ಊರಿನ ಹೆಂಗಸರೂ ಒಬ್ಬೊಬ್ಬರಾಗಿ ಕಡ್ಡಿ ಕೇಳಲು ಬಂದರು. ಮಳೆಗಾಲ ಮುಗಿದು ಅಕ್ಟೋಬರ್ ಬರುವ ಹೊತ್ತಿಗೆ ದೇವದುರ್ಗದಲ್ಲಿ ಹದಿನೇಳು ಮನೆಗಳ ಅಂಗಳದಲ್ಲಿ ಗುಲಾಬಿ ಇತ್ತು. ಹನುಮಂತ್ರಾಯರ ಹಿತ್ತಲೂ ಅದರಲ್ಲಿ ಒಂದು. ಗೋಪಮ್ಮ ಸೊಂಟಕ್ಕೆ ಕತ್ತರಿ ಸಿಕ್ಕಿಸಿ ಓಣಿಗಿಳಿದರೆ ಹೆಂಗಸರು ಬಾಗಿಲಿಗೆ ಬಂದು, ಮೊದಲು ನಮ್ಮನಿಗೆ ಬಾರವ್ವ ಎಂದು ಕರೆಯುತ್ತಿದ್ದರು.